ಹಗ್ಗ ಕಡಿದ ಆರನೇ ದಿನ

ಮಂಗಳವಾರ ಮಧ್ಯಾಹ್ನ ಒಂದು ಗಂಟೆ ಹದಿನಾಲ್ಕು ನಿಮಿಷಕ್ಕೆ, ಸಿದ್ಧನಗುಡ್ಡ ಚಿನ್ನದ ಗಣಿಯ ಎರಡನೇ ಶಾಫ್ಟಿನಲ್ಲಿ ಹದಿನಾರು ಜನರನ್ನು ಹೊತ್ತು ಇಳಿದ ಕೇಜ್, ಇಪ್ಪತ್ತೆರಡನೇ ಲೆವೆಲ್ಲಿನಲ್ಲಿ ನಿಲ್ಲಬೇಕಾದ ಜಾಗಕ್ಕಿಂತ ಎರಡು ಮೀಟರ್ ಮೇಲೆ ನಿಂತಿತು. ಮೆತ್ತಗೆ ನಿಂತಿತು. ಒಳಗಿದ್ದವರಿಗೆ ಕುಲುಕು ಕೂಡ ತಿಳಿಯಲಿಲ್ಲ. ದಿನವೂ ನಿಲ್ಲುವ ಹಾಗೆಯೇ ನಿಂತದ್ದರಿಂದ, ಬಾಗಿಲ ಬಳಿ ಇದ್ದ ಯಂಕೋಬ ಎಂಬ ಡ್ರಿಲ್ ಆಪರೇಟರ್ ಹಿಂದಿನವನ ಜೊತೆ ಮಾತಾಡುತ್ತಲೇ ಗೇಟು ಸರಿಸಿ ಕಾಲು ಹೊರಗಿಟ್ಟ. ಕಾಲ ಕೆಳಗೆ ನೆಲ ಇರಲಿಲ್ಲ.

ಕಾಂಕ್ರೀಟ್ ಕಟ್ಟೆಯ ಮೇಲೆ ಬಿದ್ದು ಅವನ ಬಲಗಾಲಿನ ಹಿಮ್ಮಡಿ ಒಡೆಯಿತು. ಅವನು ಬಿದ್ದ ಜಾಗಕ್ಕೂ ಶಾಫ್ಟಿನ ಬಾಯಿಗೂ ಇದ್ದ ದೂರ ಒಂದು ಮೊಳ. ಆ ಕಡೆ ಜಾರಿದ್ದರೆ ಕೆಳಗೆ ಇನ್ನೂ ತೊಂಬತ್ತು ಮೀಟರ್ ಆಳವಿತ್ತು.

ಮೇಲೆ, ನೆಲದ ಮಟ್ಟದಲ್ಲಿ, ಕೇಜಿನ ಹಗ್ಗ ಸುತ್ತುವ ಯಂತ್ರವಿರುವ ವೈಂಡರ್ ಮನೆಯಲ್ಲಿ, ಕೇಜನ್ನು ಇಳಿಸಿದ ಡ್ರೈವರ್ ಹುಸೇನಪ್ಪ ಗುರಗುಂಟಿ ಲಿವರ್ ಮೇಲಿನ ಕೈ ತೆಗೆಯದೆ ಕೆಳಗಿನವರು ಹೊಡೆಯುವ ಮುಂದಿನ ಗಂಟೆಯ ಸಂಕೇತಕ್ಕಾಗಿ ಕಾಯುತ್ತಿದ್ದ. ಅವನಿಗೆ ಐವತ್ತೊಂದು ವರ್ಷ. ಇಪ್ಪತ್ತೆರಡು ವರ್ಷಗಳಿಂದ ಅದೇ ಕುರ್ಚಿಯಲ್ಲಿ ಕೂತು ಮೂರು ಲಕ್ಷಕ್ಕೂ ಹೆಚ್ಚು ಸಲ ಕೇಜ್ ಇಳಿಸಿ ಹತ್ತಿಸಿದ್ದ. ಒಬ್ಬರಿಗೂ ಗಾಯವಾಗಿರಲಿಲ್ಲ. ಗಂಟೆಯ ಬದಲು ಇಪ್ಪತ್ತೆರಡನೇ ಲೆವೆಲ್ಲಿನಿಂದ ಫೋನು ಹೊಡೆದುಕೊಂಡಿತು.

"ಎಲ್ಲಿ ನಿಂದ್ರಿಸೀಯೋ ಮಾರಾಯಾ! ಯಂಕೋಬ ಬಿದ್ದಾನ!"

"ಎಲ್ಲಿ ಅಂದ್ರ? ಇಪ್ಪತ್ತೆರಡಕ್ಕ."

"ಇಪ್ಪತ್ತೆರಡಕ್ಕಲ್ಲ, ಗಾಳ್ಯಾಗ ನಿಂದ್ರಿಸೀದಿ!"

ಹುಸೇನಪ್ಪ ತಲೆ ಎತ್ತಿ ಎದುರಿನ ದೊಡ್ಡ ಡ್ರಮ್ಮಿನ ಅಂಚು ನೋಡಿದ. ಅದರ ಮೇಲೆ ಬಳಿದಿದ್ದ ಹೊಸ ಬಿಳಿ ಗುರುತು, ನಿಲ್ಲಬೇಕಾದ ಜಾಗಕ್ಕೆ ಇನ್ನೂ ಒಂದು ಆಳುದ್ದ ದೂರದಲ್ಲಿತ್ತು.

*

ಗಣಿಯ ಕೆಲಸ ಗೊತ್ತಿಲ್ಲದವರಿಗೆ ಒಂದೆರಡು ಸಂಗತಿ ಹೇಳಬೇಕು. ಶಾಫ್ಟ್ ಎಂದರೆ ನೆಲದಿಂದ ನೇರ ಕೆಳಗಿಳಿಯುವ ಬಾವಿ, ಕೇಜ್ ಎಂದರೆ ಅದರಲ್ಲಿ ಉಕ್ಕಿನ ಹಗ್ಗಕ್ಕೆ ನೇತುಬಿದ್ದ ಪಂಜರ. ಹಗ್ಗ ಮೇಲಿನ ಡ್ರಮ್ಮಿಗೆ ಸುತ್ತಿಕೊಂಡಿರುತ್ತದೆ. ಡ್ರಮ್ ಎಷ್ಟು ಸುತ್ತಿತು ಎಂಬುದರ ಮೇಲೆ ಕೇಜ್ ಎಷ್ಟು ಆಳಕ್ಕೆ ಹೋಯಿತು ಎಂದು ಡ್ರೈವರ್ ತಿಳಿಯುತ್ತಾನೆ. ಪ್ರತಿ ಲೆವೆಲ್ಲಿಗೂ, ಅಂದರೆ ಆಳದ ಪ್ರತಿ ಅಂತಸ್ತಿಗೂ, ಡ್ರಮ್ಮಿನ ಅಂಚಿನಲ್ಲಿ ಒಂದೊಂದು ಗುರುತು. ಆರು ತಿಂಗಳಿಗೊಮ್ಮೆ, ಕೇಜಿನ ಕಡೆಯ ಹಗ್ಗದ ತುದಿ ಸವೆದಿರಬಹುದೆಂದು ಎರಡು ಮೀಟರ್ ಕಡಿದು ತೆಗೆಯುತ್ತಾರೆ. ಹಗ್ಗ ಅಷ್ಟು ಗಿಡ್ಡವಾದ ಮೇಲೆ ಹಳೆಯ ಗುರುತುಗಳೆಲ್ಲ ಸುಳ್ಳಾಗುತ್ತವೆ. ಅವನ್ನು ಅಳಿಸಿ ಹೊಸದನ್ನು ಬಳಿಯುತ್ತಾರೆ. ಅದಿರು ಎತ್ತುವ ಕೆಲಸವನ್ನು ಯಂತ್ರವೇ ಮಾಡುತ್ತದೆ. ಆದರೆ ಕೇಜಿನಲ್ಲಿ ಮನುಷ್ಯರಿದ್ದಾಗ ಲಿವರ್ ಮೇಲೆ ಮನುಷ್ಯನ ಕೈ ಇರಬೇಕೆಂಬ ನಿಯಮವನ್ನು 2043ರಲ್ಲೂ ಯಾರೂ ತೆಗೆದಿರಲಿಲ್ಲ. ತೆಗೆಯಿರಿ ಎಂದು ಕಾರ್ಮಿಕರೂ ಕೇಳಿರಲಿಲ್ಲ.

ಎರಡನೇ ಶಾಫ್ಟಿನ ಹಗ್ಗವನ್ನು ಕಡಿದದ್ದು ಹಿಂದಿನ ಗುರುವಾರ. ಐದು ದಿನ ಹುಸೇನಪ್ಪ ಹೊಸ ಗುರುತಿಗೆ ಸರಿಯಾಗಿಯೇ ನಿಲ್ಲಿಸಿದ್ದ. ಆರನೇ ದಿನ, ಏಳನೇ ತಾಸಿನಲ್ಲಿ, ಹಳೆಯ ಗುರುತು ಇದ್ದ ಜಾಗಕ್ಕೆ ನಿಲ್ಲಿಸಿದ. ಆ ಜಾಗದಲ್ಲಿ ಈಗ ಬಣ್ಣವೂ ಇರಲಿಲ್ಲ. ಬರಿ ಕಬ್ಬಿಣವಿತ್ತು.

ಅವನ ಕಿವಿಯ ಹಿಂದೆ ಒಂದು ಪಟ್ಟಿ ಅಂಟಿತ್ತು. ಅದನ್ನು ಮಾಡಿದವಳು ಧಾರವಾಡದ ಡಾ. ಸುಮಂಗಲಾ ನೂಲ್ವಿ. ಕಾಗದದಲ್ಲಿ ಅದರ ಹೆಸರು 'ಹುರುಪು'. ಗಣಿಯಲ್ಲಿ ಎಲ್ಲರೂ 'ನಗಿಪಟ್ಟಿ' ಅನ್ನುತ್ತಿದ್ದರು.

ತನ್ನನ್ನು ತಾನು ಹಿಡಿದಿಟ್ಟುಕೊಳ್ಳುವುದು ದಣಿಸುವ ಕೆಲಸ. ದಣಿದವನಿಗೆ ಒಂದು ಚಿಕ್ಕ ಸಂತೋಷ ಸಿಕ್ಕರೆ, ಅಂದರೆ ನಿರೀಕ್ಷಿಸದ ಉಡುಗೊರೆಯೋ ನಗಿಸುವ ಚಿತ್ರವೋ ಸಿಕ್ಕರೆ, ಆ ಹಿಡಿತ ಸ್ವಲ್ಪ ಮಟ್ಟಿಗೆ ಮರಳುತ್ತದೆ ಎಂಬ ಮಾತು ಮನೋವಿಜ್ಞಾನದಲ್ಲಿ ಹಳೆಯದು. ಆ ಕಾಲದ ಪ್ರಯೋಗಗಳಲ್ಲಿ ಕೆಲವಷ್ಟೇ ಮರುಪರೀಕ್ಷೆಯಲ್ಲಿ ನಿಂತಿದ್ದವು. ನಿಂತ ಭಾಗವನ್ನಷ್ಟೇ ಸುಮಂಗಲಾ ಎತ್ತಿಕೊಂಡಿದ್ದಳು. ಪಟ್ಟಿ ನಾಡಿಯ ಏರಿಳಿತ ಮತ್ತು ಚರ್ಮದ ಬೆವರನ್ನು ಅಳೆದು, ಹಿಡಿತ ಸಡಿಲಾಗುತ್ತಿದೆ ಎನಿಸಿದಾಗ ಕಿವಿಯ ಹತ್ತಿರದ ನರಕ್ಕೆ ಅತಿ ಸಣ್ಣ ವಿದ್ಯುತ್ ಮಿಡಿತ ಕೊಡುತ್ತಿತ್ತು. ಹಾಕಿಕೊಂಡವನಿಗೆ ಅದು ಮಿಡಿತ ಅನಿಸುವುದಿಲ್ಲ. ಯಾರೋ ಒಳ್ಳೆಯ ಸುದ್ದಿ ಹೇಳಿ ಹೋದಂತಿರುತ್ತದೆ. ಹನ್ನೆರಡು ನಿಮಿಷ ಆ ಹಿತ ಇದ್ದು ಹೋಗುತ್ತದೆ.

ನಾಲ್ಕು ಶಾಫ್ಟುಗಳಲ್ಲಿ ಹದಿನಾಲ್ಕು ತಿಂಗಳು ಪಟ್ಟಿ ಕೆಲಸ ಮಾಡಿತ್ತು. ಶಿಫ್ಟಿನ ಕೊನೆಯ ಎರಡು ತಾಸಿನಲ್ಲಿ ಗೇಣಿಗಿಂತ ಹೆಚ್ಚು ಆಚೀಚೆಯಾಗುವ ನಿಲುಗಡೆಗಳು ಸಾವಿರಕ್ಕೆ ಇಪ್ಪತ್ಮೂರರಿಂದ ಏಳಕ್ಕೆ ಇಳಿದಿದ್ದವು. ಇನ್ನೂ ಹನ್ನೊಂದು ಗಣಿಗಳಿಂದ ಬೇಡಿಕೆ ಬಂದಿತ್ತು.

ಸುಮಂಗಲಾ ಆ ವಾರ ಗಣಿಯಲ್ಲೇ ಇದ್ದಳು. ಅಪಘಾತವಾದ ಅರ್ಧ ತಾಸಿನೊಳಗೆ ಪಟ್ಟಿಯ ದಾಖಲೆ ತೆರೆದಳು. ಒಂದು ಗಂಟೆ ಆರು ನಿಮಿಷಕ್ಕೆ ಮಿಡಿತ ಕೊಡಲಾಗಿದೆ. ತಪ್ಪು ನಡೆದದ್ದು ಎಂಟು ನಿಮಿಷದ ನಂತರ. ಹಿತ ತುಂಬಿ ನಿಂತ ಹೊತ್ತು.

ಅವಳು ಆ ಎರಡು ಸಾಲುಗಳನ್ನು ಪ್ರಿಂಟ್ ತೆಗೆದು ಗಣಿ ವ್ಯವಸ್ಥಾಪಕ ಶೇಷಗಿರಿಯ ಮೇಜಿನ ಮೇಲಿಟ್ಟಳು.

"ಹನ್ನೆರಡು ನಿಮಿಷದಾಗ ಏನೇನೋ ಆಗಿರ್ತಾವ ಮೇಡಂ," ಎಂದ ಶೇಷಗಿರಿ. "ಅವನೇ ಬರೆದುಕೊಟ್ಟಾನ, ನೋಡ್ರಿ."

ಹುಸೇನಪ್ಪನ ಹೇಳಿಕೆ ಎರಡೇ ವಾಕ್ಯ. 'ನನ್ನ ಲಕ್ಷ್ಯ ತಪ್ಪಿತು. ಬೇರೆ ಕಾರಣ ಇಲ್ಲ.'

"ಇದನ್ನ ಒಪ್ಪಿದರ ಏನಾಗ್ತದ?"

"ಗುರುವಾರ ಸುರಕ್ಷತಾ ಅಧಿಕಾರಿ ಕಾಮತ್ ಬರ್ತಾರ. ಡ್ರೈವರ್ ಸರ್ಟಿಫಿಕೇಟ್ ರದ್ದು. ಲ್ಯಾಂಪ್ ರೂಮಿನಾಗೋ ಗೇಟಿನಾಗೋ ಕೆಲಸ ಕೊಡ್ತೀವಿ. ಲಿವರ್ ಅಂತೂ ಮತ್ತ ಮುಟ್ಟಂಗಿಲ್ಲ."

*

ಹುಸೇನಪ್ಪನ ಮನೆ ಗಣಿ ಕಾಲೊನಿಯ ಮೂರನೇ ಸಾಲಿನಲ್ಲಿ. ಸಂಜೆ ಸುಮಂಗಲಾ ಹೋದಾಗ ಅವನು ಕಟ್ಟೆಯ ಮೇಲೆ ಕೂತು ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಅದನ್ನೇ ನೋಡುತ್ತಿದ್ದ. ಹೆಂಡತಿ ಅಮರಮ್ಮ ಚಾಪೆ ಹಾಸಿದಳು.

"ಕುಂದರ್ರಿ ಡಾಕ್ಟ್ರಮ್ಮ. ಚಾ ಮಾಡ್ತೀನಿ. ಸಕ್ಕರಿ ಇಲ್ಲದ್ದ."

"ಸಕ್ಕರಿ ಬ್ಯಾಡ್ರಿ ಅಕ್ಕಾರ. ನಂಗೂ ಅಷ್ಟೇ ಚೊಲೋ." ಸುಮಂಗಲಾ ಹುಸೇನಪ್ಪನ ಕಡೆ ತಿರುಗಿದಳು. "ಹುಸೇನಪ್ಪನವರ, ಆ ಹೊತ್ತಿನಾಗ ನಿಮಗ ಹೆಂಗನಿಸ್ತಿತ್ತು?"

"ತಪ್ಪು ಆದಾಗೇನ್ರಿ?"

"ಅದಕ್ಕಿಂತ ಮೊದಲು."

ಅವನು ತಡೆದು ಹೇಳಿದ. "ಭಾಳ ಹಗುರ ಅನಿಸಿತ್ರಿ. ಮೈಯಾಗಿನ ದಣಿವೆಲ್ಲ ಇಳದಂಗ. ಕೈ ತಾನ ನಡೀತಿತ್ತು. ಇಷ್ಟು ಚೊಲೋ ನಾನು ಯಾವತ್ತೂ ಓಡ್ಸಿಲ್ಲ ಅಂತ ಅನಿಸಿತ್ತು ನೋಡ್ರಿ, ಆ ಹೊತ್ತಿಗೇ..."

"ಅದು ಪಟ್ಟಿ ಕೊಟ್ಟ ಖುಷಿ. ನಿಮ್ಮ ಹೇಳಿಕ್ಯಾಗ ಅದನ್ನ ಬರೀರಿ."

"ಬರಿಯಂಗಿಲ್ರಿ. ಪಟ್ಟಿದೋ ನಂದೋ ಹೆಂಗ ಹೇಳ್ಲಿ? ಖುಷಿಗೇನು ಮುದ್ರಿ ಹೊಡದಿರ್ತಾರೇನು? ಕೈ ನಂದು. ಯಂಕೋಬನ ಕಾಲು ಮುರದಿದ್ದು ನನ್ನ ಕೈಯಿಂದ."

ಅಮರಮ್ಮ ಚಹಾದ ಲೋಟ ಇಡುತ್ತ ಗಂಡನ ಮೇಲೆ ಹರಿಹಾಯ್ದಳು. "ದೊಡ್ಡ ಹರಿಶ್ಚಂದ್ರ! ಲ್ಯಾಂಪ್ ರೂಮಿನಾಗ ಬ್ಯಾಟರಿ ಒರಸ್ಕೊಂತ ಕುಂದ್ರು, ಆವಾಗ ಗೊತ್ತಾಗ್ತೈತಿ." ಆಮೇಲೆ ಸುಮಂಗಲಾಳಿಗೆ, "ಅವರ ಖುಷಿ ಅಲ್ರಿ ಅದು. ಆರು ದಿನದಿಂದ ಈ ಮನ್ಯಾಗ ಖುಷಿ ಅನ್ನೂದ ಇಲ್ಲ. ಇರಗೊಟ್ಟಿಲ್ಲ ನಾನು."

"ಅಂದ್ರ?"

ಆಗ ಅಮರಮ್ಮ ಹೇಳಿದ್ದನ್ನು ಸುಮಂಗಲಾ ಹದಿನಾಲ್ಕು ತಿಂಗಳಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಕೇಳಬೇಕೆಂದು ಅವಳಿಗೆ ಹೊಳೆದಿರಲೂ ಇಲ್ಲ. ಸಿದ್ಧನಗುಡ್ಡದ ಡ್ರೈವರುಗಳ ಮನೆಗಳಲ್ಲಿ ಹಗ್ಗ ಕಡಿದ ದಿನದಿಂದ ಒಂಬತ್ತು ದಿನ ಸೂತಕ. ಕಡಿದ ತುದಿಯಲ್ಲಿ ಗೇಣುದ್ದ ಹಗ್ಗವನ್ನು ಡ್ರೈವರುಗಳೇ ಶಾಫ್ಟಿನ ಹಿಂದೆ ಹೂಳುತ್ತಾರೆ. ಆ ಒಂಬತ್ತು ದಿನ ಡ್ರೈವರಿನ ಮನೆಯಲ್ಲಿ ಸಿಹಿ ಮಾಡುವಂತಿಲ್ಲ. ಹಬ್ಬ ಬಂದರೆ ಮುಂದಕ್ಕೆ ಹಾಕುತ್ತಾರೆ. ವೈಂಡರ್ ಮನೆಗೆ ಹೋದವರು ಜೋಕು ಹೇಳುವಂತಿಲ್ಲ. ಊಟಕ್ಕೆ ರೊಟ್ಟಿ, ಉಪ್ಪು ಕಡಿಮೆಯ ಬೇಳೆ. ಹಗ್ಗಕ್ಕೂ ಜೀವ ಇದೆ, ತುಂಡಾದ ದುಃಖ ಇರುತ್ತದೆ, ಅದರ ಮುಂದೆ ನಗಬಾರದು ಎಂದು ಹಿರಿಯರು ಹೇಳುತ್ತಿದ್ದರು.

"ನಮ್ಮತ್ತಿ ಕಲಿಸ್ಯಾಳ್ರಿ ಇದನ್ನ. ನಮ್ಮ ಮಾವನೂ ಡ್ರೈವರ್ ಇದ್ದ. ನಗಿ ಬಂದ್ರ ಹಿತ್ತಲಕ್ಕ ಹೋಗಿ ನಕ್ಕು ಬರಾಕಿ. ಈಗಿನವರು ಎಲ್ಲಾ ಬಿಟ್ಟಾರ. ನಾ ಬಿಟ್ಟಿಲ್ಲ."

"ಈ ಸೂತಕ ಹಿಡದಾಗ ಯಾವತ್ತರ ಹಿಂಗ ತಪ್ಪು ಆಗಿತ್ತೇನ್ರಿ?"

ಹುಸೇನಪ್ಪ ಉತ್ತರಿಸಿದ. "ನನ್ನ ಕಾಲದಾಗ ನಲವತ್ತನಾಕು ಸಲ ಹಗ್ಗ ಕಡದೈತ್ರಿ. ಒಮ್ಮೆನೂ ಇಲ್ಲ."

"ನಿಮ್ಮ ಮಿಷನ್," ಎಂದಳು ಅಮರಮ್ಮ, "ನಾ ಆರು ದಿನ ಬಾಯಿ ಕಟಗೊಂಡು ಕಾದಿದ್ದನ್ನ ಒಂದ ಗಳಿಗ್ಯಾಗ ಕೆಡಿಸ್ತು."

ಚಹಾ ಕುಡಿಯುತ್ತಿದ್ದ ಸುಮಂಗಲಾಳಿಗೆ ಧಾರವಾಡದ ತನ್ನ ಅಡುಗೆಮನೆ ನೆನಪಾಯಿತು. ಹಿಂದಿನ ವರ್ಷ ಅಲ್ಲಿ ಎಲ್ಲವನ್ನೂ ಹೊಸದಾಗಿ ಜೋಡಿಸಿದ್ದರು. ಗಂಡ ಸುಮ್ಮನಿದ್ದಾಗ ಚಮಚವನ್ನು ಹೊಸ ಜಾಗದಿಂದಲೇ ತೆಗೆಯುತ್ತಿದ್ದ. ಹಾಡು ಗುನುಗುತ್ತ ಬಂದ ದಿನಗಳಲ್ಲಿ ಮಾತ್ರ ನೇರವಾಗಿ ಹಳೆಯ ಡ್ರಾಯರ್ ಎಳೆಯುತ್ತಿದ್ದ. ಅವಳು ಅದನ್ನು ಗಮನಿಸಿ ನಕ್ಕಿದ್ದಳು. ಟಿಪ್ಪಣಿ ಮಾಡಿಕೊಂಡಿರಲಿಲ್ಲ.

*

ಬುಧವಾರ ಇಡೀ ದಿನ ಅವಳು ತರಬೇತಿ ಕೋಣೆಯಲ್ಲಿದ್ದಳು. ಅಲ್ಲಿ ಹೊಸಬರಿಗೆ ಕಲಿಸಲು ಒಂದು ನಕಲಿ ವೈಂಡರ್ ಇತ್ತು. ಲಿವರ್, ಬ್ರೇಕು, ಗಂಟೆ ಎಲ್ಲ ನಿಜವಾದವು. ಡ್ರಮ್ ಮಾತ್ರ ಪರದೆಯ ಮೇಲೆ. ಶಿಫ್ಟ್ ಮುಗಿಸಿ ದಣಿದು ಬಂದ ಎಂಟು ಡ್ರೈವರುಗಳನ್ನು ಒಬ್ಬೊಬ್ಬರಾಗಿ ಕೂರಿಸಿದಳು.

ಮೊದಲು ಬಂದವನು ಲಾಲ್‌ಸಾಬ್, ಒಂದನೇ ಶಾಫ್ಟಿನವನು, ಹುಸೇನಪ್ಪನ ಓರಗೆಯವ. ಪಟ್ಟಿ ಅಂಟಿಸಿಕೊಳ್ಳುತ್ತ, "ಮೇಡಮ್ಮೋರ, ಇದನ್ನ ಮನಿಗೆ ಒಯ್ಲೇನು? ಹಾಕ್ಕೊಂಡ್ರ ನಮ್ಮಾಕಿ ಬೈಗುಳನೂ ಹಾಡಿನಂಗ ಕೇಳ್ತಾವ," ಎಂದ.

"ಒಯ್ರಿ. ನಾಳೆ ಆಕಿ ಬಂದು ನನಗ ಬೈತಾಳ. ಈಗ ಲಿವರ್ ಹಿಡೀರಿ."

ಮೊದಲ ಸುತ್ತಿನಲ್ಲಿ ಗುರುತುಗಳು ಅವನಿಗೆ ರೂಢಿಯಾದ ಜಾಗದಲ್ಲೇ ಇದ್ದವು. ಮಿಡಿತ ಸಿಕ್ಕ ಮೇಲೆ ಅವನ ನಿಲುಗಡೆಗಳು ಕಣ್ಣಿಗೆ ಹಬ್ಬದಂತಿದ್ದವು. ಆರಕ್ಕೆ ಆರೂ ಎರಡು ಬೆರಳಿನೊಳಗೆ. ಎರಡನೇ ಸುತ್ತಿಗೆ ಸುಮಂಗಲಾ ಗುರುತುಗಳನ್ನೆಲ್ಲ ಎರಡು ಮೀಟರ್ ಸರಿಸಿದಳು. ಸರಿಸಿದ್ದೇನೆಂದು ಬಾಯಿಬಿಟ್ಟೇ ಹೇಳಿದಳು. ಲಾಲ್‌ಸಾಬ್ ತಲೆಯಾಡಿಸಿ, ಸಿಳ್ಳೆ ಹಾಕುತ್ತ, ಕೇಜನ್ನು ತಂದು ಸೊಗಸಾಗಿ ಹಳೆಯ ಜಾಗಕ್ಕೆ ನಿಲ್ಲಿಸಿದ.

"ಗೇಟು ತಗೀಲೇನು?" ಎಂದಳು ಸುಮಂಗಲಾ.

"ತಗೀರಿ, ಎಲ್ಲಾ ಸರಿ ಐತಿ." ಆಮೇಲೆ ಪರದೆ ನೋಡಿದ. ನಗು ಮಾಯವಾಯಿತು. "ಯಾ ಅಲ್ಲಾ."

"ಹೊಸ ಗುರುತು ಕಾಣಿಸಲಿಲ್ಲೇನ್ರಿ?"

ಅವನು ತುಂಬ ಯೋಚಿಸಿ ಹೇಳಿದ. "ಕಣ್ಣು ನೋಡ್ತ್ರಿ. ಸುಳ್ಳು ಯಾಕ ಹೇಳ್ಲಿ? ಕೈ ಕೇಳಲಿಲ್ಲ."

ರಾತ್ರಿಯಾಗುವ ಮೊದಲೇ ಅಂಕಿಗಳು ಕೈಸೇರಿದವು. ಗುರುತು ಸರಿದಿದ್ದಾಗ, ಮಿಡಿತ ಇಲ್ಲದೆ ದಣಿವಷ್ಟೇ ಇದ್ದ ನಲವತ್ತೆಂಟು ನಿಲುಗಡೆಗಳಲ್ಲಿ ಹಳೆಯ ಜಾಗಕ್ಕೆ ಹೋದವು ಒಂಬತ್ತು. ಅವುಗಳಲ್ಲೂ ಆರನ್ನು ಡ್ರೈವರುಗಳೇ ನಡುವೆ ಗಮನಿಸಿ ಸರಿಪಡಿಸಿಕೊಂಡಿದ್ದರು. ಮಿಡಿತ ಸಿಕ್ಕ ನಲವತ್ತೆಂಟರಲ್ಲಿ ಮೂವತ್ತೊಂದು ಹಳೆಯ ಜಾಗಕ್ಕೇ ಹೋಗಿದ್ದವು. ಒಂದನ್ನೂ ಯಾರೂ ಸರಿಪಡಿಸಿರಲಿಲ್ಲ. ದಣಿದವರ ತಪ್ಪು ಒರಟಾಗಿತ್ತು, ಹಿಂದೆಮುಂದೆ ಚದುರಿತ್ತು. ಖುಷಿಯಲ್ಲಿದ್ದವರ ತಪ್ಪು ಅಚ್ಚುಕಟ್ಟಾಗಿತ್ತು.

ಲೆಕ್ಕ ತಪ್ಪಿದ್ದು ಎಲ್ಲಿ ಎಂದು ಗೊತ್ತಾದಾಗ ಆಗುವ ಸಮಾಧಾನ ಸುಮಂಗಲಾಳಿಗೆ ಆಯಿತು. ಸಂತೋಷ ದಣಿದ ಮನಸ್ಸಿಗೆ ಬಲ ಕೊಡುವುದು ನಿಜ. ಆದರೆ 'ಎಲ್ಲ ಸರಿಯಿದೆ' ಎಂಬ ಸೂಚನೆಯನ್ನೂ ಅದು ಜೊತೆಗೇ ಕೊಡುತ್ತದೆ. ಎಲ್ಲ ಸರಿಯಿದ್ದಾಗ ಮನಸ್ಸು ಕಾವಲನ್ನು ಸಡಿಲಿಸಿ, ಕೈಗೆ ಚೆನ್ನಾಗಿ ಬರುವ ಕೆಲಸವನ್ನು ಕೈಗೇ ಬಿಡುತ್ತದೆ. ರೂಢಿ ಸರಿಯಾಗಿದ್ದರೆ ಕೆಲಸ ಇನ್ನಷ್ಟು ಸರಿ. ರೂಢಿ ಹಳತಾಗಿದ್ದರೆ ತಪ್ಪು ಅಷ್ಟೇ ಖಚಿತ. ಹದಿನಾಲ್ಕು ತಿಂಗಳ ಒಳ್ಳೆಯ ಅಂಕಿಗಳಲ್ಲಿ ಇದು ಕಾಣದಿರಲು ಕಾರಣ, ಆ ಅವಧಿಯಲ್ಲಿ ಪ್ರತಿ ಸಲ ಹಗ್ಗ ಕಡಿದಾಗಲೂ ಪಟ್ಟಿಗಳನ್ನು ಪರೀಕ್ಷೆಗೆಂದು ಧಾರವಾಡಕ್ಕೆ ಕಳಿಸಿದ್ದರು. ಅದು ಕಾಕತಾಳೀಯ. ಈ ಸಲ ಕಳಿಸಿರಲಿಲ್ಲ.

ಇನ್ನೊಂದು ಅಂಕಿಯನ್ನೂ ಅವಳು ಬರೆದುಕೊಂಡಳು. ತರಬೇತಿ ಕೋಣೆಯ ಹಳೆಯ ದಾಖಲೆಗಳ ಪ್ರಕಾರ ಹೊಸ ಗುರುತು ಕೈಗೆ ರೂಢಿಯಾಗಲು ಎಂಟು ದಿನ ಬೇಕು, ಐವತ್ತು ದಾಟಿದವರಿಗೆ ಹನ್ನೊಂದು. ಅಮರಮ್ಮನ ಅತ್ತೆಯ ಒಂಬತ್ತು ದಿನ ಎರಡು ದಿನದಷ್ಟು ಕಡಿಮೆಯಾಗಿತ್ತು, ಅಷ್ಟೇ.

*

ಗುರುವಾರ ಹನ್ನೊಂದು ಗಂಟೆಗೆ ವಿಚಾರಣೆ. ಸುರಕ್ಷತಾ ಅಧಿಕಾರಿ ರಘುವೀರ ಕಾಮತ್ ಕುಮಟಾ ಕಡೆಯವರು, ನಿವೃತ್ತಿಗೆ ಎರಡು ವರ್ಷ ಉಳಿದವರು. ಮೇಜಿನ ಮೇಲೆ ಹುಸೇನಪ್ಪನ ಸರ್ಟಿಫಿಕೇಟ್ ಇಟ್ಟುಕೊಂಡು ಅದರ ಮೇಲೆ ಕನ್ನಡಕದ ಡಬ್ಬಿ ಇಟ್ಟಿದ್ದರು. ಸುಮಂಗಲಾ ಅಂಕಿಗಳನ್ನು ಓದಿ ಮುಗಿಸುವವರೆಗೆ ಕೇಳಿದರು.

"ನಿಮ್ಮ ಪಟ್ಟಿಯ ಮೇಲೆ ನೀವೇ ದೂರು ಕೊಡ್ತಿದ್ದೀರಿ," ಎಂದರು.

"ದೂರಲ್ಲ ಸರ್. ತಿದ್ದುಪಡಿ. ಗುರುತು, ಗಂಟೆ, ಯಂತ್ರ, ಏನೇ ಬದಲಾದರೂ ಹನ್ನೊಂದು ದಿನ ಪಟ್ಟಿ ತಾನಾಗಿ ಸುಮ್ಮನಿರಬೇಕು. ಉಳಿದ ದಿನ ಕೆಲಸ ಮಾಡಲಿ. ಅದು ಚೆನ್ನಾಗಿಯೇ ಮಾಡುತ್ತೆ."

"ಎಂಟು ಜನರ ಪರೀಕ್ಷೆ ಸಾಕಾಗ್ತದಾ?"

"ಹನ್ನೊಂದು ಗಣಿಗೆ ನಿಯಮ ಮಾಡೋದಕ್ಕೆ ಸಾಲದು. ಒಬ್ಬ ಮನುಷ್ಯನ ಮೇಲಿನ ಆರೋಪವನ್ನು ಅನುಮಾನಿಸೋದಕ್ಕೆ ಸಾಕು."

ಶೇಷಗಿರಿ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ. "ಸರ್, ಅಂಕಿ ಒಪ್ಪೋಣ. ಖುಷಿಯಿಂದ ತಪ್ಪಾಯ್ತು ಅಂತಲೇ ಇಟ್ಟುಕೊಳ್ಳೋಣ. ಆ ಖುಷಿ ಪಟ್ಟಿಯದೇ ಅಂತ ಹೇಗೆ? ಮನೆಯಿಂದಲೇ ಖುಷಿಯಾಗಿ ಬಂದಿದ್ದರೆ? ಅದು ಡ್ರೈವರಿನ ಜವಾಬ್ದಾರಿ ಆಗುತ್ತೆ. ಹಗ್ಗ ಕಡಿದ ವಾರದಲ್ಲಿ ಮೈಮೇಲೆ ಎಚ್ಚರ ಇರಬೇಕು ಅನ್ನೋದು ಅವರದೇ ಪದ್ಧತಿ."

ಪ್ರಶ್ನೆ ನ್ಯಾಯವಾಗಿತ್ತು. ಸುಮಂಗಲಾಳ ಬಳಿ ಅದಕ್ಕೆ ಅಂಕಿ ಇರಲಿಲ್ಲ. ಪಟ್ಟಿ ದಣಿವನ್ನು ಅಳೆಯುತ್ತಿತ್ತು. ಮನುಷ್ಯ ಮನೆಯಿಂದ ತಂದ ಸಂತೋಷವನ್ನು ಅಳೆಯುತ್ತಿರಲಿಲ್ಲ.

ಕಾಮತ್ ಹುಸೇನಪ್ಪನನ್ನು ಕೇಳಿದರು. "ಏನಪ್ಪಾ, ಮಂಗಳವಾರ ಮನೆಯಲ್ಲಿ ಏನಾದರೂ ವಿಶೇಷ ಇತ್ತಾ?"

"ಇಲ್ರಿ ಸಾಹೇಬ್ರ. ರೊಟ್ಟಿ, ಬ್ಯಾಳಿ."

"ಹಿಂದಿನ ದಿನ?"

"ರೊಟ್ಟಿ, ಬ್ಯಾಳಿ."

ಬಾಗಿಲ ಬಳಿಯ ಬೆಂಚಿನಲ್ಲಿ ಸೆರಗು ಹೊದ್ದು ಕೂತಿದ್ದ ಅಮರಮ್ಮನ ಕಡೆಗೆ ಕಾಮತ್ ತಿರುಗಿದರು. "ನೀವು ಹೇಳಿ ಅಮ್ಮಾ. ಆ ಆರು ದಿನದಲ್ಲಿ ಮನೆಗೆ ಏನಾದರೂ ಒಳ್ಳೆ ಸುದ್ದಿ ಬಂದಿತ್ತಾ? ನಿಜ ಹೇಳಿ."

ಅಮರಮ್ಮ ಗಂಡನನ್ನು ನೋಡಿದಳು, ಅಧಿಕಾರಿಯನ್ನು ನೋಡಿದಳು, ಬೆರಳು ಮಡಿಚಿ ದಿನ ಎಣಿಸಿದಳು. "ಇನ್ನೂ ಎಂಟ ದಿನ ಆಗ್ಯಾವ್ರಿ," ಎಂದಳು.

"ಏನು ಎಂಟು?"

"ಒಂಬತ್ತಾದ ಮ್ಯಾಲೆ ಹೇಳ್ಬೇಕಿತ್ರಿ."

"ಇವತ್ತೇ ಬೇಕು ಅಮ್ಮಾ. ಸುದ್ದಿ ಬಂದಿತ್ತಾ?"

"ಬಂದಿತ್ರಿ."

ಶೇಷಗಿರಿ ಕುರ್ಚಿಗೆ ಒರಗಿದ. ಸುಮಂಗಲಾ ಪೆನ್ನು ಕೆಳಗಿಟ್ಟಳು. ಹುಸೇನಪ್ಪನೊಬ್ಬನೇ ಏನೂ ಅರ್ಥವಾಗದೆ ಹೆಂಡತಿಯನ್ನು ನೋಡುತ್ತಿದ್ದ.

"ಯಾವ ಸುದ್ದಿನ ಅದು?" ಎಂದ.

"ಹಗ್ಗ ಕಡದ ಎರಡನೇ ದಿನ ಬಂತ್ರಿ ಸಾಹೇಬ್ರ," ಅಮರಮ್ಮ ಗಂಡನಿಗೆ ಉತ್ತರ ಕೊಡದೆ ಅಧಿಕಾರಿಗೇ ಹೇಳಿದಳು. "ಇವರಿಗೆ ಹೇಳಿಲ್ಲ. ಇವತ್ತಿನತನ ಹೇಳಿಲ್ಲ. ಮಗಳಿಗೂ ಫೋನ್ ಮಾಡಬ್ಯಾಡ ಅಂತ ಹೇಳೀನಿ. ಬೇಕಾದ್ರ ನೋಡ್ರಿ." ಸೆರಗಿನೊಳಗಿಂದ ಫೋನು ತೆಗೆದು ಮೇಜಿನ ಮೇಲಿಟ್ಟಳು.

ಕಾಮತ್ ಕನ್ನಡಕ ಹಾಕಿಕೊಂಡು ಓದಿದರು. ಶುಕ್ರವಾರ ಬೆಳಿಗ್ಗೆ ಮಗಳು ಹುಲಿಗೆಮ್ಮ ಕಳಿಸಿದ ದನಿ ಸಂದೇಶ, ಅದರ ಕೆಳಗೆ ಅದನ್ನೇ ಫೋನು ಅಕ್ಷರಕ್ಕಿಳಿಸಿದ ಸಾಲುಗಳು. ಓದಿದವರು ತಲೆ ಎತ್ತಿ, "ನಾನು ಓದಲೋ, ನೀವೇ ಹೇಳ್ತೀರೋ?" ಎಂದರು.

ಅಮರಮ್ಮ ಕೊನೆಗೂ ಗಂಡನ ಕಡೆ ತಿರುಗಿದಳು. "ಹುಲಿಗಿ ಪಾಸಾಗ್ಯಾಳ."

"ಯಾವುದು ಪಾಸು?"

"ನಿಂದ ಪರೀಕ್ಷಿ. ವೈಂಡರ್ ಡ್ರೈವರ್ ಸರ್ಟಿಫಿಕೇಟು."

ಹುಲಿಗೆಮ್ಮ ಚಿತ್ರದುರ್ಗದ ಕಡೆಯ ಒಂದು ತಾಮ್ರದ ಗಣಿಯಲ್ಲಿ ಗಂಟೆ ಹೊಡೆಯುವ ಕೆಲಸದಲ್ಲಿದ್ದಳು. ಎರಡು ಸಲ ಮೌಖಿಕ ಪರೀಕ್ಷೆಯಲ್ಲಿ ಬಿದ್ದಿದ್ದಳು. ಎರಡನೇ ಸಲ ಬಿದ್ದಾಗ, 'ಸಾಕು ಬಿಡವ್ವ, ಎಲ್ಲಾರಿಗೂ ಬರೂ ಕೆಲಸ ಅಲ್ಲ ಇದು' ಎಂದು ಹುಸೇನಪ್ಪನೇ ಹೇಳಿದ್ದ. ಆ ಮಾತಿಗೆ ಮಗಳು ಮೂರು ತಿಂಗಳು ಅವನ ಜೊತೆ ಮಾತು ಬಿಟ್ಟಿದ್ದಳು. ಮೂರನೇ ಸಲದ ಫಲಿತಾಂಶ ಬರಲು ಇನ್ನೂ ವಾರವಿದೆ ಎಂದು ಅವನು ತಿಳಿದಿದ್ದ.

ಅವನು ಎದ್ದು ನಿಂತ. ನಿಂತವನಿಗೆ ಯಾಕೆ ನಿಂತೆ ಎಂದು ತಿಳಿಯದೆ ಮತ್ತೆ ಕೂತ. ಆಮೇಲೆ ಎಲ್ಲರೆದುರು ಮುಖ ಮುಚ್ಚಿಕೊಂಡ. ಭುಜಗಳು ಕುಲುಕಿದವು. ಅಳುತ್ತಿದ್ದಾನೆಂದು ಶೇಷಗಿರಿ ನೀರಿನ ಲೋಟ ಮುಂದೆ ಸರಿಸಿದ. ಕೈ ತೆಗೆದಾಗ ನೋಡಿದರೆ ನಗುತ್ತಿದ್ದ.

"ಆರು ದಿನ!" ಎಂದ ಹೆಂಡತಿಗೆ. "ಆರು ದಿನ ಬ್ಯಾಳಿ ಸಾರು ಹಾಕಿ, ಇದನ್ನ ಹೊಟ್ಯಾಗ ಇಟಗೊಂಡು ಕುಂತಿದ್ದೇನ?"

"ಎಂಟು," ಎಂದಳು ಅಮರಮ್ಮ. "ಹೊಟ್ಟಿ ಒಡದು ಹೋಗೂದೊಂದು ಬಾಕಿ ಇತ್ತು."

ಕೋಣೆಯಲ್ಲಿದ್ದವರು ನಕ್ಕರು. ಕಾಮತ್ ನಗಲಿಲ್ಲ. ಆದರೆ ಕನ್ನಡಕದ ಡಬ್ಬಿಯನ್ನು ಸರ್ಟಿಫಿಕೇಟಿನ ಮೇಲಿಂದ ತೆಗೆದು ಪಕ್ಕಕ್ಕಿಟ್ಟರು.

"ಮಂಗಳವಾರದ ಖುಷಿ ಮನೆಯದಲ್ಲ ಅನ್ನೋದು ಇತ್ಯರ್ಥವಾಯ್ತು," ಎಂದರು. "ಈ ಹೆಂಗಸು ಮನೆಯಲ್ಲಿ ಇದ್ದ ಖುಷಿಯನ್ನೂ ಹೊರಗೆ ಬಿಟ್ಟಿಲ್ಲ. ಡಾಕ್ಟರೇ, ನಿಮ್ಮ ತಿದ್ದುಪಡಿ ಆಗುವ ತನಕ ಪಟ್ಟಿ ನಾಲ್ಕೂ ಶಾಫ್ಟಲ್ಲಿ ಬಂದ್. ಯಂಕೋಬನ ಚಿಕಿತ್ಸೆ, ರಜೆಯ ಸಂಬಳ ಗಣಿಯ ಮೇಲೆ. ಉಳಿದದ್ದು ಇದು." ಸರ್ಟಿಫಿಕೇಟಿನ ಮೇಲೆ ಬೆರಳಿಟ್ಟರು. "ಪಟ್ಟಿ ಇತ್ತು ಅಂದ ಮಾತ್ರಕ್ಕೆ ಡ್ರೈವರ್ ಸರಿ ಅಂತ ಆಗೋದಿಲ್ಲ. ಈ ಕೈಗೆ ಮತ್ತೆ ಹದಿನಾರು ಜನರನ್ನು ಕೊಡಬಹುದಾ ಅನ್ನೋದು ನನ್ನ ಪ್ರಶ್ನೆ. ಹುಸೇನಪ್ಪ, ಎರಡನೇ ಶಿಫ್ಟಿಗೆ ಡ್ರೈವರ್ ಇಲ್ಲ ಅಂತ ನಿಮ್ಮ ಮ್ಯಾನೇಜರ್ ಬೆಳಿಗ್ಗೆಯೇ ಹೇಳಿದ್ದಾರೆ. ಇದನ್ನ ಈಗಲೇ ನಿನ್ನ ಕೈಗೆ ಕೊಟ್ಟರೆ, ಮೂರು ಗಂಟೆಗೆ ಜನರನ್ನ ಇಳಿಸ್ತೀಯಾ?"

ಶೇಷಗಿರಿ ಆಸೆಯಿಂದ ಅವನ ಕಡೆ ನೋಡಿದ. ಹೌದು ಎನ್ನು ಎಂದು ಸುಮಂಗಲಾ ಮನಸ್ಸಿನಲ್ಲೇ ಅಂದುಕೊಂಡಳು. ಮರುಕ್ಷಣ ತಾನು ಓದಿ ಮುಗಿಸಿದ ಅಂಕಿಗಳು ನೆನಪಾಗಿ ಬೆಚ್ಚಿದಳು.

ಹುಸೇನಪ್ಪ ಸರ್ಟಿಫಿಕೇಟನ್ನೇ ನೋಡುತ್ತಿದ್ದ. ಮುಖದ ಮೇಲಿನ ನಗು ಹಾಗೇ ಇತ್ತು. ಅದನ್ನು ಅಡಗಿಸಲು ಅವನಿಂದ ಆಗುತ್ತಿರಲಿಲ್ಲ.

"ಇಲ್ರಿ ಸಾಹೇಬ್ರ," ಎಂದ.

"ಯಾಕೆ? ಕೈ ನಡುಗ್ತದಾ?"

"ನಡಗಂಗಿಲ್ರಿ. ಅದ ತೊಂದ್ರಿ. ಇವತ್ತು ಕೂತ್ರ ಭಾಳ ಚೊಲೋ ಓಡಸ್ತೀನಿ ಅಂತ ಅನಸ್ತೈತಿ. ಬ್ಯಾಡ. ಇವತ್ತು ಲಾಲ್‌ಸಾಬನ್ನ ಕೂಡ್ಸ್ರಿ. ಆತನ ಮನ್ಯಾಗ ಏನೂ ಸುದ್ದಿ ಇಲ್ಲ."

"ಸರ್ಟಿಫಿಕೇಟ್ ಹೋದ್ರೂ?"

"ಹೋಗ್ಲಿ ಬಿಡ್ರಿ. ಇಳಿಯೂ ಮಂದಿಗೆ ನಾ ಖುಷಿಯಾಗಿದ್ದದ್ದು ಗೊತ್ತಿರಂಗಿಲ್ಲಲ್ರಿ."

ಕಾಮತ್ ಪೆನ್ನಿನ ಮುಚ್ಚಳ ತೆಗೆದು ವರದಿಯ ಕೊನೆಯ ಖಾಲಿ ಜಾಗದಲ್ಲಿ ನಿಧಾನವಾಗಿ ಬರೆದರು. ಬರೆದು ಮುಗಿಸಿ, ಹಾಳೆಯನ್ನು ಎಲ್ಲರೂ ಓದುವಂತೆ ಮೇಜಿನ ನಡುವಿಗೆ ತಿರುಗಿಸಿದರು.

'ಡ್ರೈವರ್ ಮೂರು ಗಂಟೆಯ ಇಳಿತಕ್ಕೆ ಕೂರಲು ನಿರಾಕರಿಸಿದ್ದಾನೆ. ಕೂರಲು ಅರ್ಹ.'